ಮಹಾರಾಜರು ಕೋರ್ಟಿಗೆ ಯಾಕೆ ಬಂದರು? 1862ರ ಮುಂಬಯಿ ಮೊಕದ್ದಮೆ

ಓದುಗರ ಪ್ರಶ್ನೆ: "ಸರ್, 1862ರಲ್ಲಿ ಮುಂಬಯಿಯಲ್ಲಿ ಒಬ್ಬ ಪತ್ರಕರ್ತನಿಗೂ ಒಬ್ಬ ಧರ್ಮಗುರುವಿಗೂ ದೊಡ್ಡ ಮೊಕದ್ದಮೆ ನಡೆಯಿತು, ಪತ್ರಕರ್ತ ಗೆದ್ದ ಎಂದು ಈಚೆಗೆ ಕೇಳಿದೆ. ಕೇಸ್ ಹಾಕಿದ್ದು ಗುರುವೇ ಅಂತೆ. ಅಷ್ಟು ಬಲ ಇದ್ದವರು ಕೋರ್ಟಿಗೆ ಯಾಕೆ ಹೋದರು? ನಿಜ ಬರೆದವನು ಯಾಕೆ ಆರೋಪ ಹೊತ್ತು ನಿಲ್ಲಬೇಕಾಯಿತು? ಗೆದ್ದ ಮೇಲೆ ಏನಾದರೂ ಬದಲಾಯಿತಾ? ನಮ್ಮ ಮನೆಯಲ್ಲಿ ಈ ಮಾತು ತೆಗೆದರೆ ಹಿರಿಯರು 'ಗುರುನಿಂದೆ ಮಾಡಬೇಡ' ಅಂತಾರೆ. ಅದಕ್ಕೆ ಏನು ಹೇಳಲಿ?"

ಉತ್ತರ:

ನಿಮ್ಮ ಪ್ರಶ್ನೆಗಳಲ್ಲಿ ನನಗೆ ತುಂಬ ಹಿಡಿಸಿದ್ದು ಮೊದಲನೆಯದು. ಕಾನೂನಿನ ಇತಿಹಾಸ ಪಾಠ ಮಾಡುವಾಗ ಈ ಕೇಸ್ ಬಂದರೆ ಎಲ್ಲರೂ ಕೇಳುವುದು "ಪತ್ರಕರ್ತ ಹೇಗೆ ಗೆದ್ದ?" ಎಂದೇ. "ಗುರು ಯಾಕೆ ಬಂದರು?" ಎಂದು ಕೇಳುವವರು ಕಡಿಮೆ. ಆದರೆ ಗಂಟು ಇರುವುದೇ ಅಲ್ಲಿ. ಯಾಕೆಂದರೆ 1861ರಲ್ಲಿ ಕೇಸ್ ಹೂಡುವುದಕ್ಕೆ ಎರಡು ವರ್ಷ ಮೊದಲು, 1859ರಲ್ಲಿ, ಇದೇ ಪಂಥದ ಗುರುಗಳು "ನಾವು ಯಾವತ್ತೂ ಕೋರ್ಟಿನ ಮೆಟ್ಟಿಲು ಹತ್ತುವಂತಾಗಬಾರದು" ಎಂದು ಭಕ್ತರಿಂದ ಕಾಗದ ಬರೆಸಿಕೊಂಡಿದ್ದರು. ಅಂಥವರಲ್ಲಿ ಒಬ್ಬರು ತಾವಾಗಿಯೇ ಕೋರ್ಟಿಗೆ ಬಂದರು. ಬಂದದ್ದೇ ತಪ್ಪಾಯಿತು.

ಮೊದಲು ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ.

ಪಂಥದ ಹೆಸರು ಪುಷ್ಟಿಮಾರ್ಗ. ಸ್ಥಾಪಿಸಿದವರು ವಲ್ಲಭಾಚಾರ್ಯರು (1479–1531). ತೆಲುಗು ಬ್ರಾಹ್ಮಣ ಮನೆತನ. ವಿಜಯನಗರದ ಆಸ್ಥಾನದಲ್ಲಿ ವಾದ ಗೆದ್ದರು, ಕೃಷ್ಣದೇವರಾಯ ಅವರಿಗೆ ಕನಕಾಭಿಷೇಕ ಮಾಡಿಸಿದ ಎಂದು ಸಂಪ್ರದಾಯದವರು ಹೇಳುತ್ತಾರೆ. ಹಾಗಾಗಿ ನಮಗೆ ತೀರಾ ದೂರದವರೇನಲ್ಲ. ಅವರ ಉಪದೇಶ ಸರಳ. ಕಾಡಿಗೆ ಹೋಗಬೇಡ, ಸನ್ಯಾಸ ಬೇಡ, ಸಂಸಾರದಲ್ಲಿ ಇದ್ದುಕೊಂಡೇ ಕೃಷ್ಣನ ಸೇವೆ ಮಾಡು, ಅವನ ಕೃಪೆಯೇ ನಿನ್ನನ್ನು ದಾಟಿಸುತ್ತದೆ. ವ್ಯಾಪಾರ ಮಾಡಿಕೊಂಡಿದ್ದ ಗುಜರಾತಿನ ಜಾತಿಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. ವಾಣಿಯರು, ಭಾಟಿಯಾಗಳು, ಲೋಹಾಣರು ದೊಡ್ಡ ಸಂಖ್ಯೆಯಲ್ಲಿ ಭಕ್ತರಾದರು.

ವಲ್ಲಭಾಚಾರ್ಯರು ಗೃಹಸ್ಥರು. ಅವರ ಮಗ ವಿಠ್ಠಲನಾಥರಿಗೆ ಏಳು ಗಂಡುಮಕ್ಕಳು. ಆ ಏಳು ಮನೆಗಳಲ್ಲಿ ಹುಟ್ಟಿದ ಗಂಡುಮಕ್ಕಳೇ ಮುಂದೆ ಗುರುಗಳು. ಅವರನ್ನು "ಮಹಾರಾಜ್" ಎಂದು ಕರೆಯುತ್ತಿದ್ದರು. ಇಲ್ಲಿ ಒಂದು ವಿಷಯ ಗಮನಿಸಿ. ಗುರುವಾಗಲು ಓದು ಬೇಕಿಲ್ಲ, ತಪಸ್ಸು ಬೇಕಿಲ್ಲ, ಆ ಮನೆಯಲ್ಲಿ ಹುಟ್ಟಿದರೆ ಸಾಕು. ಹುಟ್ಟಿನಿಂದ ಬಂದ ಪದವಿಯನ್ನು ನಡತೆ ಕೆಟ್ಟಿತೆಂದು ಕಿತ್ತುಕೊಳ್ಳುವ ದಾರಿ ಯಾರ ಕೈಯಲ್ಲೂ ಇರಲಿಲ್ಲ.

ಪಂಥಕ್ಕೆ ಸೇರುವಾಗ "ಬ್ರಹ್ಮಸಂಬಂಧ" ಎಂಬ ದೀಕ್ಷೆ. ತನು, ಮನ, ಧನ ಎಲ್ಲವನ್ನೂ ಕೃಷ್ಣನಿಗೆ ಅರ್ಪಿಸುತ್ತೇನೆ ಎನ್ನುವುದು ಅದರ ತಿರುಳು. ಮಾತು ಚೆನ್ನಾಗಿಯೇ ಇದೆ. ಆದರೆ ಕೃಷ್ಣ ಬಂದು ಕೈ ಒಡ್ಡುವುದಿಲ್ಲವಲ್ಲ! ಮೊದಲು ಕೃಷ್ಣನ ಪರವಾಗಿ ಗುರು ಸ್ವೀಕರಿಸಿದರು. ಆಮೇಲೆ ಗುರುವೇ ಕೃಷ್ಣ ಎಂದಾಯಿತು. ಹಾಗಾದ ಮೇಲೆ "ತನು" ಎಂಬ ಪದಕ್ಕೆ ಕೆಲವರು ಹಚ್ಚಿದ ಅರ್ಥ ಏನು, ಅದರಿಂದ ಮನೆಮನೆಯ ಹೆಣ್ಣುಮಕ್ಕಳ ಪಾಡು ಏನಾಯಿತು ಎನ್ನುವುದೇ ಮುಂದೆ ಕೋರ್ಟಿನಲ್ಲಿ ಬಂದ ಆರೋಪ. ಮಹಾರಾಜರು ಭಕ್ತರ ಹೆಂಡತಿ, ಸೊಸೆ, ಹೆಣ್ಣುಮಕ್ಕಳನ್ನು ಧರ್ಮದ ಹೆಸರಲ್ಲಿ ಬಳಸಿಕೊಳ್ಳುತ್ತಾರೆ, ಮನೆಯವರು ಅದನ್ನು ಪುಣ್ಯ ಎಂದು ನಂಬುತ್ತಾರೆ, ನಂಬದವರು ಹೆದರಿ ಸುಮ್ಮನಿರುತ್ತಾರೆ.

"ಧನ"ದ ಕಥೆ ಇನ್ನೂ ನೇರ. ಮುಂಬಯಿ ಪೇಟೆಯಲ್ಲಿ ವೈಷ್ಣವ ವ್ಯಾಪಾರಿಗಳು ಮಾರುವ ಸರಕಿನ ಮೇಲೆ "ಲಾಗೋ" ಎಂಬ ಸಣ್ಣ ವಂತಿಗೆ ಮಹಾರಾಜರಿಗೆ ಸಲ್ಲುತ್ತಿತ್ತು. ಒಂದೊಂದು ವ್ಯವಹಾರಕ್ಕೆ ಚಿಲ್ಲರೆ ಕಾಸು. ಆದರೆ ಹತ್ತಿ, ಬಟ್ಟೆ, ಅಫೀಮು ಎಲ್ಲವೂ ಕೈ ಬದಲಾಯಿಸುತ್ತಿದ್ದ ಬಂದರು ಅದು. ಚಿಲ್ಲರೆ ಸೇರಿಸಿದರೆ ರಾಶಿ. ಅದರ ಮೇಲೆ ದರ್ಶನಕ್ಕೆ, ಪಾದಪೂಜೆಗೆ ಬೇರೆ ಕಾಣಿಕೆ.

ಕೊಡುವುದಿಲ್ಲ ಎಂದರೆ? ದೇವಸ್ಥಾನದ ಬಾಗಿಲು ಮುಚ್ಚುತ್ತದೆ. ಅದಕ್ಕೂ ಬಗ್ಗದಿದ್ದರೆ ಜಾತಿಯಿಂದ ಹೊರಗೆ. ಇವತ್ತು ನಗರದಲ್ಲಿ ಇರುವ ನಮಗೆ ಇದರ ಭಾರ ಗೊತ್ತಾಗುವುದಿಲ್ಲ. ಆಗ ಜಾತಿಯಿಂದ ಹೊರಗೆ ಹಾಕಿದರೆ ಹೆಣ್ಣು ಕೊಡುವವರಿಲ್ಲ, ತರುವವರಿಲ್ಲ. ಪೇಟೆಯಲ್ಲಿ ಸಾಲ ಹುಟ್ಟುವುದಿಲ್ಲ. ಸತ್ತರೆ ಹೊರಲು ನಾಲ್ಕು ಜನ ಸಿಗುವುದಿಲ್ಲ. ಮಹಾರಾಜರ ನಿಜವಾದ ಆಯುಧ ಭಕ್ತಿಯಲ್ಲ, ಇದು. ಭಕ್ತಿ ಕಮ್ಮಿಯಾದವರನ್ನೂ ಈ ಭಯ ಹಿಡಿದಿಟ್ಟಿತ್ತು.

ಈಗ 1859ರ ಕಾಗದಕ್ಕೆ ಬರೋಣ. ಯಾವುದೋ ವ್ಯವಹಾರದ ದಾವೆಯಲ್ಲಿ ಮಹಾರಾಜರನ್ನು ಕೋರ್ಟಿಗೆ ಕರೆಯುವ ಮಾತು ಬಂತು. ಮುಂಬಯಿಯ ಮಹಾರಾಜರಲ್ಲಿ ಪ್ರಮುಖರಾದ ಜೀವನಲಾಲಜಿ ಇದನ್ನು ಅವಮಾನ ಎಂದುಕೊಂಡರು. ದೇವರು ಕೋರ್ಟಿಗೆ ಹೋಗಿ ಸಾಹೇಬರ ಮುಂದೆ ನಿಲ್ಲುವುದುಂಟೇ? ದೇವಸ್ಥಾನಗಳ ಬಾಗಿಲು ಮುಚ್ಚಿಸಿದರು. ದರ್ಶನವಿಲ್ಲದೆ ಊಟ ಮಾಡದ ಭಕ್ತರು ಉಪವಾಸ ಬಿದ್ದರು. ಆಗ ಅವರ ಮುಂದೆ ಒಂದು ಕಾಗದ ಇಟ್ಟರು, ಸಹಿ ಹಾಕಿದರೆ ಬಾಗಿಲು ತೆರೆಯುತ್ತದೆ. ಕಾಗದದಲ್ಲಿ ಇದ್ದದ್ದು ಇಷ್ಟು: ಮಹಾರಾಜರನ್ನು ಕೋರ್ಟಿಗೆ ಎಳೆಯಬಾರದೆಂಬ ಕಾನೂನು ತರಲು ಭಕ್ತರು ಹಣ ಕೂಡಿಸಬೇಕು, ಅವರ ವಿರುದ್ಧ ಬರೆಯುವವರನ್ನು ಜಾತಿಯಿಂದ ಹೊರಗೆ ಹಾಕಬೇಕು.

ಬಹಳ ಜನ ಸಹಿ ಹಾಕಿದರು. "ಸತ್ಯಪ್ರಕಾಶ" ಎಂಬ ಗುಜರಾತಿ ವಾರಪತ್ರಿಕೆ ಈ ಕಾಗದಕ್ಕೆ ಒಂದು ಹೆಸರಿಟ್ಟಿತು: "ಗುಲಾಮಿ ಖತ್", ಅಂದರೆ ಗುಲಾಮಗಿರಿಯ ಪತ್ರ. ಹೆಸರು ಅಂಟಿಕೊಂಡಿತು. ಇವತ್ತಿಗೂ ಇತಿಹಾಸದಲ್ಲಿ ಅದು ಆ ಹೆಸರಿನಲ್ಲೇ ಇದೆ. ಆ ಪತ್ರಿಕೆಯ ಸಂಪಾದಕ ಕರ್ಸನ್‌ದಾಸ್ ಮೂಲ್ಜಿ.

ಕರ್ಸನ್‌ದಾಸ್ ಹುಟ್ಟಿದ್ದು 1832ರಲ್ಲಿ, ಕಪೋಳ ವಾಣಿಯರ ಮನೆಯಲ್ಲಿ. ಅಂದರೆ ಇದೇ ಪಂಥದ ಭಕ್ತರ ಮನೆ. ತಾಯಿ ಬೇಗ ತೀರಿಹೋದರು. ಸಾಕಿದ್ದು ತಾಯಿಯ ಕಡೆಯ ಒಬ್ಬ ಹಿರಿಯ ಹೆಂಗಸು. ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಓದುತ್ತಿದ್ದಾಗ ವಿಧವೆಯರ ಮರುಮದುವೆ ಕುರಿತ ಪ್ರಬಂಧ ಸ್ಪರ್ಧೆಗೆ ಬರೆಯಲು ಕೂತರು. ವಿಷಯ ಗೊತ್ತಾಗಿ ಆ ಹಿರಿಯ ಹೆಂಗಸು ಮನೆಯಿಂದ ಹೊರಗೆ ಹಾಕಿದರು. ಹಾಗಾಗಿ "ಹೊರಗೆ ಹಾಕುವುದು" ಅಂದರೆ ಏನೆಂದು ಅವರಿಗೆ ಇಪ್ಪತ್ತರ ಆಸುಪಾಸಿನಲ್ಲೇ ಗೊತ್ತಿತ್ತು. ಮುಂದೆ ದಾದಾಭಾಯಿ ನವರೋಜಿಯವರ "ರಾಸ್ತ್ ಗೋಫ್ತಾರ್" ಪತ್ರಿಕೆಗೆ ಬರೆದರು. 1855ರಲ್ಲಿ ತಮ್ಮದೇ "ಸತ್ಯಪ್ರಕಾಶ" ಶುರು ಮಾಡಿದರು.

ಅವರನ್ನು ಆಗಿನ ಇಂಗ್ಲಿಷ್ ಪತ್ರಿಕೆಗಳು "ಭಾರತದ ಲೂಥರ್" ಎಂದು ಕರೆದವು. ನನಗೆ ಈ ಹೋಲಿಕೆ ಹಿಡಿಸುವುದಿಲ್ಲ. ಯುರೋಪಿನಲ್ಲಿ ಪೋಪನನ್ನು ಎದುರು ಹಾಕಿಕೊಂಡ ಲೂಥರ್ ಹೊಸ ಚರ್ಚಿಗೆ ದಾರಿ ಮಾಡಿದ. ಕರ್ಸನ್‌ದಾಸ್ ಹೊಸ ಪಂಥ ಕಟ್ಟಲಿಲ್ಲ, ಕಟ್ಟುವ ಆಸೆಯೂ ಇರಲಿಲ್ಲ. ಅವರು ಪತ್ರಕರ್ತ. ಪ್ರಶ್ನೆ ಕೇಳಿದರು, ಉತ್ತರ ಬರುವವರೆಗೆ ಬಿಡಲಿಲ್ಲ. ಅಷ್ಟೇ. ಅದೇನು ಕಮ್ಮಿಯಾ?

1860ರಲ್ಲಿ ಜದುನಾಥಜಿ ಬೃಜರತ್ನಜಿ ಎಂಬ ಮಹಾರಾಜರು ಸೂರತ್‌ನಿಂದ ಮುಂಬಯಿಗೆ ಬಂದರು. ಇವರ ಬಗ್ಗೆ ಸುಧಾರಕರಿಗೆ ಮೊದಲು ಒಳ್ಳೆಯ ಅಭಿಪ್ರಾಯವೇ ಇತ್ತು. ಹೆಣ್ಣುಮಕ್ಕಳ ಶಾಲೆಗೆ ಬೆಂಬಲ ಕೊಟ್ಟವರು. ಉಳಿದ ಮಹಾರಾಜರಿಗಿಂತ ಹೊಸ ಕಾಲದವರು ಅನ್ನಿಸಿಕೊಂಡಿದ್ದರು. ಆದರೆ ಕವಿ ನರ್ಮದ ವಿಧವಾವಿವಾಹದ ವಿಷಯದಲ್ಲಿ ಬಹಿರಂಗ ಚರ್ಚೆಗೆ ಬಂದಾಗ ಮಾತು ಬೇರೆ ಕಡೆ ತಿರುಗಿತು. ಶಾಸ್ತ್ರಗಳು ದೇವರ ಮಾತು ಎಂದು ಒಪ್ಪುತ್ತೀಯಾ ಎಂದು ಮಹಾರಾಜರು ಕೇಳಿದರು. ನರ್ಮದ ಒಪ್ಪಲಿಲ್ಲ. ಚರ್ಚೆ ಅಲ್ಲಿಗೇ ಮುರಿದುಬಿತ್ತು. ಆಮೇಲೆ ಜದುನಾಥಜಿ ಸ್ವಧರ್ಮವನ್ನು ಬೆಳೆಸಿ ಸಂಶಯವನ್ನು ಕತ್ತರಿಸುವುದಾಗಿ ತಮ್ಮ ಕಡೆಯಿಂದಲೇ ಒಂದು ಪತ್ರಿಕೆ ಹೊರಡಿಸಿದರು. ಸುಧಾರಕರಿಗೂ ಅವರಿಗೂ ಅಚ್ಚಿನಲ್ಲಿ ಜಗಳ ಶುರುವಾಯಿತು.

ಅದೇ ವರ್ಷ "ಸತ್ಯಪ್ರಕಾಶ"ದಲ್ಲಿ ಆ ಲೇಖನ ಬಂತು. ಹಿಂದೂಗಳ ಮೂಲ ಧರ್ಮ ಮತ್ತು ಈಗಿನ ಪಾಖಂಡಿ ಮತಗಳು ಎಂಬ ಅರ್ಥದ ತಲೆಬರಹ. ವೇದಗಳು ಹಳೆಯವು, ಪಂಥಗಳು ಆಮೇಲೆ ಬಂದವು, ಅವುಗಳಲ್ಲಿ ಎಲ್ಲಕ್ಕಿಂತ ಕೆಟ್ಟು ಹೋಗಿರುವುದು ಮಹಾರಾಜರ ಮತ, ಅವರು ಭಕ್ತರ ಮನೆಯ ಹೆಣ್ಣುಮಕ್ಕಳನ್ನು ಕೆಡಿಸುತ್ತಿದ್ದಾರೆ ಎಂದು ನೇರವಾಗಿ ಬರೆದಿದ್ದರು. ಕೊನೆಯಲ್ಲಿ ಜದುನಾಥಜಿಯವರ ಹೆಸರು ಹಿಡಿದೇ ಪ್ರಶ್ನೆ ಕೇಳಿದರು.

1861ರ ಮೇ ತಿಂಗಳಲ್ಲಿ ಜದುನಾಥಜಿ ಮುಂಬಯಿಯ ಸುಪ್ರೀಂ ಕೋರ್ಟಿನಲ್ಲಿ ಮಾನನಷ್ಟ ದಾವೆ ಹೂಡಿದರು. (ಆಗ ಮುಂಬಯಿಗೇ ಒಂದು ಸುಪ್ರೀಂ ಕೋರ್ಟ್ ಇತ್ತು. ಹೈಕೋರ್ಟ್ ಬಂದದ್ದು 1862ರ ಆಗಸ್ಟ್‌ನಲ್ಲಿ.) ಕೇಳಿದ ಪರಿಹಾರ 50,000 ರೂಪಾಯಿ. ಪ್ರತಿವಾದಿಗಳು ಇಬ್ಬರು. ಕರ್ಸನ್‌ದಾಸ್ ಮತ್ತು ಪತ್ರಿಕೆ ಅಚ್ಚು ಹಾಕಿದ ನಾನಾಭಾಯಿ ರುಸ್ತಮಜಿ ರಾಣೀನಾ.

ನಿಮ್ಮ ಪ್ರಶ್ನೆಗೆ ಬಂದೆ. ಗುಲಾಮಿ ಖತ್ ಬರೆಸಿಕೊಂಡ ಪಂಥದವರು ಕೋರ್ಟಿಗೆ ಯಾಕೆ ಬಂದರು? ಇದು ನನ್ನ ಅಂದಾಜು. ಜದುನಾಥಜಿ ಹಳೆಯ ಮಹಾರಾಜರಂತೆ ಸುಮ್ಮನೆ ಕೂರುವ ಆಸಾಮಿಯಲ್ಲ. ಪತ್ರಿಕೆ ಹೊರಡಿಸಿದರು, ಚರ್ಚೆಗೆ ಕೂತರು. ಒಮ್ಮೆ ಅಚ್ಚಿನ ಲೋಕಕ್ಕೆ ಇಳಿದ ಮೇಲೆ ಉತ್ತರ ಕೊಡದಿದ್ದರೆ ಸೋತಂತೆ. ಹಳೆಯ ಕಾಲದಲ್ಲಿ ಗುರುವಿನ ಮೌನವೇ ಘನತೆ. ಪತ್ರಿಕೆಯ ಕಾಲದಲ್ಲಿ ಅದು ಒಪ್ಪಿಗೆಯಂತೆ ಕಾಣುತ್ತದೆ. ಜೊತೆಗೆ ಇನ್ನೊಂದು ಲೆಕ್ಕಾಚಾರ ಇತ್ತು ಅನ್ನಿಸುತ್ತದೆ. ಕರ್ಸನ್‌ದಾಸ್ ಪರವಾಗಿ ಸಾಕ್ಷಿ ಹೇಳಲು ಯಾರು ಬಂದಾರು? ಜಾತಿ ತಮ್ಮ ಕೈಯಲ್ಲಿದೆಯಲ್ಲ!

ಈ ಲೆಕ್ಕ ಅರ್ಥವಾಗಬೇಕಾದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಬೇಕು. ನಿಜ ಬರೆದವನು ಯಾಕೆ ಆರೋಪ ಹೊತ್ತು ನಿಲ್ಲಬೇಕು? ಮಾನನಷ್ಟದ ಕಾನೂನು ಇರುವುದೇ ಹಾಗೆ. ಒಬ್ಬರ ಹೆಸರಿಗೆ ಮಸಿ ಬಳಿಯುವ ಮಾತು ಪ್ರಕಟವಾದರೆ, ಅದು ಸುಳ್ಳು ಎಂದು ಬಳಿಸಿಕೊಂಡವರು ಸಾಬೀತು ಮಾಡಬೇಕಿಲ್ಲ. ಅದು ನಿಜ ಎಂದು ಬರೆದವನೇ ಸಾಬೀತು ಮಾಡಬೇಕು. ಸಿವಿಲ್ ದಾವೆಯಲ್ಲಿ ಸತ್ಯ ಪೂರ್ತಿ ರಕ್ಷಣೆ ಕೊಡುತ್ತದೆ, ಸಾಬೀತಾದರೆ ಮಾತ್ರ. ಕರ್ಸನ್‌ದಾಸ್ "ಬರೆದದ್ದು ನಾನೇ, ಬರೆದದ್ದು ನಿಜ" ಎಂದು ವಾದಿಸಿದರು. ಅಂದರೆ ಭಾರವೆಲ್ಲ ಅವರ ತಲೆಯ ಮೇಲೆ ಬಿತ್ತು. ಇಡೀ ಪೇಟೆಗೆ ಗೊತ್ತಿದ್ದ ವಿಷಯ. ಆದರೆ ಊರಿಗೆಲ್ಲ ಗೊತ್ತು ಎಂದರೆ ಕೋರ್ಟ್ ಕೇಳುವುದಿಲ್ಲ. ಒಬ್ಬೊಬ್ಬರೂ ಬಂದು ಪ್ರಮಾಣ ಮಾಡಿ "ನಾನು ಕಂಡೆ" ಎನ್ನಬೇಕು. ಅದೂ ಯಾವ ವಿಷಯ? ತಮ್ಮದೇ ಜಾತಿಯ ಹೆಂಗಸರ ಮಾನದ ವಿಷಯ.

ಹಾಗಾಗಿ ಕೇಸ್ ನಿಂತದ್ದು ಸಾಕ್ಷಿಗಳ ಮೇಲೆ. ಇದು ಎದುರು ಪಕ್ಷಕ್ಕೂ ಚೆನ್ನಾಗಿ ಗೊತ್ತಿತ್ತು. ಭಾಟಿಯಾ ಜಾತಿಯ ಮುಖಂಡರು ಸಭೆ ಸೇರಿ, ನಮ್ಮವರಲ್ಲಿ ಯಾರಾದರೂ ಮಹಾರಾಜರ ವಿರುದ್ಧ ಸಾಕ್ಷಿ ಹೇಳಿದರೆ ಜಾತಿಯಿಂದ ಹೊರಗೆ ಎಂದು ತೀರ್ಮಾನ ಮಾಡಿದರು. ಇಲ್ಲಿ ಕರ್ಸನ್‌ದಾಸ್ ಒಂದು ಜಾಣ ಹೆಜ್ಜೆ ಇಟ್ಟರು. ಆ ತೀರ್ಮಾನವನ್ನೇ ಹಿಡಿದು, ನ್ಯಾಯಕ್ಕೆ ಅಡ್ಡಿ ಮಾಡುವ ಒಳಸಂಚು ಎಂದು ಒಂಬತ್ತು ಮುಖಂಡರ ಮೇಲೆ ಕ್ರಿಮಿನಲ್ ಕೇಸ್ ಹಾಕಿಸಿದರು. 1861ರ ಡಿಸೆಂಬರ್‌ನಲ್ಲಿ ಒಂಬತ್ತೂ ಜನಕ್ಕೆ ಶಿಕ್ಷೆಯಾಯಿತು. ಇಬ್ಬರಿಗೆ ತಲಾ 1,000 ರೂಪಾಯಿ ದಂಡ, ಉಳಿದವರಿಗೆ ತಲಾ 500.

ಇತಿಹಾಸದ ಪುಸ್ತಕಗಳಲ್ಲಿ ಇದನ್ನು ಒಂದೆರಡು ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಪ್ರಕಾರ ಮಹಾರಾಜರು ನಿಜವಾಗಿ ಸೋತದ್ದು ಇಲ್ಲೇ. ಆ ಮುಖಂಡರಿಗೆ 1,000 ರೂಪಾಯಿ ದೊಡ್ಡ ಮೊತ್ತವೇನಲ್ಲ. ಆದರೆ ಬಹಿಷ್ಕಾರದ ಬೆದರಿಕೆ ಹಾಕಿದರೆ ಬೆದರಿಕೆ ಹಾಕಿದವನಿಗೇ ಶಿಕ್ಷೆಯಾಗಬಹುದು ಎಂದು ಪೇಟೆ ಮೊದಲ ಸಲ ಕಂಡಿತು. ಜನ ಬಾಯಿ ಬಿಡಲು ಧೈರ್ಯ ಮಾಡಿದ್ದಕ್ಕೆ ಇದೂ ಕಾರಣ.

ದೊಡ್ಡ ವಿಚಾರಣೆ 1862ರ ಜನವರಿ 25ರಂದು ಶುರುವಾಯಿತು. ಮುಗಿದದ್ದು ಮಾರ್ಚ್ 4ಕ್ಕೆ. ಒಟ್ಟು 24 ದಿನ. ಮುಖ್ಯ ನ್ಯಾಯಮೂರ್ತಿ ಸರ್ ಮ್ಯಾಥ್ಯೂ ಸಾಸ್ ಮತ್ತು ಸರ್ ಜೋಸೆಫ್ ಆರ್ನಾಲ್ಡ್ ಕೇಳಿದರು. ಕೋರ್ಟಿನ ಒಳಗೂ ಹೊರಗೂ ಜನವೋ ಜನ. ಮಹಾರಾಜರನ್ನು ಸಾಮಾನ್ಯರಂತೆ ನಿಲ್ಲಿಸಿ ಪಾಟಿಸವಾಲು ಮಾಡುವುದನ್ನು ನೋಡುವುದೇ ಬಹಳ ಭಕ್ತರಿಗೆ ನಂಬಲಾಗದ ಸಂಗತಿ. ಕರ್ಸನ್‌ದಾಸ್ ಪರ ವಕೀಲ ಥಾಮಸ್ ಚಿಸ್ಹೋಮ್ ಆನ್‌ಸ್ಟಿ, ಅದಕ್ಕೆ ಮುಂಚೆ ಹಾಂಗ್‌ಕಾಂಗ್‌ನಲ್ಲಿ ಅಟಾರ್ನಿ ಜನರಲ್ ಆಗಿದ್ದವರು. ಜಗಳಗಂಟ ಎಂದೇ ಹೆಸರಾದವರು. ಈ ಕೇಸಿಗೆ ಅಂಥವರೇ ಬೇಕಿತ್ತೋ ಏನೋ.

ಸಾಕ್ಷಿಗಳನ್ನು ನಾನು ಎರಡು ಗುಂಪು ಮಾಡಿ ನೋಡುತ್ತೇನೆ. ಬಹಿಷ್ಕಾರ ಮುಟ್ಟದವರು ಒಂದು ಕಡೆ. ಮುದ್ರಕ ರಾಣೀನಾ ಪಾರ್ಸಿ, ಅವರನ್ನು ವೈಷ್ಣವ ಜಾತಿ ಹೊರಗೆ ಹಾಕುವುದು ಎಲ್ಲಿಂದ? ಪಾದ್ರಿ ಜಾನ್ ವಿಲ್ಸನ್ ಶಾಸ್ತ್ರಗ್ರಂಥಗಳ ಬಗ್ಗೆ ಹೇಳಿದರು, ಅವರಿಗೂ ಭಯವಿಲ್ಲ. ಡಾಕ್ಟರ್ ಭಾವು ದಾಜಿ, ಇವತ್ತು ಮುಂಬಯಿಯ ಬೈಕಲಾದಲ್ಲಿ ಯಾರ ಹೆಸರಿನ ವಸ್ತುಸಂಗ್ರಹಾಲಯ ಇದೆಯೋ ಅವರೇ, ಈ ಪಂಥದವರಲ್ಲ. ಅವರೂ ಡಾಕ್ಟರ್ ಧೀರಜರಾಮ್ ದಲಪತರಾಮ್ ಅವರೂ ಹೇಳಿದ ಸಾಕ್ಷ್ಯ ಮಹಾರಾಜರಿಗೆ ದೊಡ್ಡ ಏಟು. ಮಹಾರಾಜರಿಗೆ ಲೈಂಗಿಕ ರೋಗ ಇತ್ತು ಎಂದು ವೈದ್ಯರಾಗಿ ಹೇಳಿದರು. ನಾನು ಶುದ್ಧ ಎಂದು ಪ್ರಮಾಣ ಮಾಡಿದವರಿಗೆ ಇದಕ್ಕೆ ಉತ್ತರ ಕೊಡುವುದು ಕಷ್ಟವಾಯಿತು. (ರೋಗಿಯ ಗುಟ್ಟನ್ನು ವೈದ್ಯ ಕೋರ್ಟಿನಲ್ಲಿ ಹೇಳಬಹುದಾ ಎಂದು ಕ್ಲಾಸಿನಲ್ಲಿ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಅದಕ್ಕೇ ಬೇರೆ ಉತ್ತರ ಬರೆಯಬೇಕು.)

ಇನ್ನೊಂದು ಕಡೆ ಪಂಥದ ಒಳಗಿನವರು. ಮಥುರಾದಾಸ್ ಲವಜಿ, ಲಖ್ಮೀದಾಸ್ ಖೀಮಜಿ. ಇಬ್ಬರೂ ಭಾಟಿಯಾ ವ್ಯಾಪಾರಿಗಳು. ಇವರಿಗೆ ಕಳೆದುಕೊಳ್ಳಲು ಎಲ್ಲವೂ ಇತ್ತು. ವ್ಯಾಪಾರ, ನೆಂಟರು, ಮಕ್ಕಳ ಮದುವೆ. ತಮ್ಮ ಜಾತಿಯವರೇ ಕಿಕ್ಕಿರಿದ ಕೋರ್ಟಿನಲ್ಲಿ, ತಾವು ಹುಟ್ಟಿದಾಗಿನಿಂದ ಕಾಲಿಗೆ ಬಿದ್ದ ಗುರುಗಳ ಬಗ್ಗೆ, ಕಂಡದ್ದನ್ನು ಹೇಳಿದರು. ಕರ್ಸನ್‌ದಾಸ್ ಹೆಸರು ಉಳಿಯಿತು, ಇವರ ಹೆಸರು ಹೆಚ್ಚು ಜನಕ್ಕೆ ಗೊತ್ತಿಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಲೇಖನ ಬರೆಯಲು ಒಂದು ಧೈರ್ಯ ಬೇಕು. ಅದನ್ನು ನಿಜ ಎಂದು ಎಲ್ಲರ ಎದುರು ನಿಂತು ಹೇಳಲು ಬೇರೆಯದೇ ಧೈರ್ಯ ಬೇಕು.

ಈ ಎರಡೂ ಗುಂಪಿನಲ್ಲಿ ಒಂದು ದನಿ ಇಲ್ಲ, ಗಮನಿಸಿದಿರಾ? ಅನ್ಯಾಯ ಆದದ್ದು ಹೆಂಗಸರಿಗೆ. ನಮಗೆ ಕೇಳಿಸುವುದು ಹೆಚ್ಚಾಗಿ ಗಂಡಸರ ಮಾತು. ಗಂಡಸರು ಬರೆದರು, ಗಂಡಸರು ವಾದಿಸಿದರು, ಗಂಡಸರು ತೀರ್ಪು ಕೊಟ್ಟರು. "ನಮ್ಮ ಮನೆಯ ಹೆಣ್ಣುಮಕ್ಕಳ ಮಾನ" ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಆ ಹೆಣ್ಣುಮಕ್ಕಳಿಗೆ ಏನನ್ನಿಸಿತ್ತು ಎನ್ನುವುದು ಅಷ್ಟಾಗಿ ಎಲ್ಲೂ ಬರುವುದಿಲ್ಲ. ಈ ಕೇಸನ್ನು ಬಾಯಿತುಂಬ ಹೊಗಳುವವರು ಇದನ್ನು ಮರೆಯಬಾರದು.

ಇನ್ನೊಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಹಳೆಯದೆಲ್ಲ ಶುದ್ಧ, ಆಮೇಲೆ ಬಂದದ್ದೆಲ್ಲ ಕಲಬೆರಕೆ ಎನ್ನುವುದು ಆ ಕಾಲದ ಯುರೋಪಿನ ವಿದ್ವಾಂಸರಿಗೂ ಮಿಷನರಿಗಳಿಗೂ ಪ್ರಿಯವಾದ ವಾದ. ಕರ್ಸನ್‌ದಾಸ್ ಅದನ್ನೇ ಎತ್ತಿಕೊಂಡರು. ಕೋರ್ಟಿಗೂ ಅದು ರುಚಿಸಿತು. ಆದರೆ ಕೃಷ್ಣಭಕ್ತಿ ಆಮೇಲೆ ಬಂದದ್ದು ಎಂಬ ಕಾರಣಕ್ಕೇ ಕೀಳಾಗುವುದಿಲ್ಲವಲ್ಲ. ಮಹಾರಾಜರ ದುರ್ನಡತೆಯನ್ನು ಖಂಡಿಸಲು ಇಡೀ ಭಕ್ತಿಪಂಥವನ್ನು ಪಾಖಂಡ ಎನ್ನಬೇಕಿರಲಿಲ್ಲ. ಪುಷ್ಟಿಮಾರ್ಗ ಇವತ್ತಿಗೂ ಇದೆ, ಲಕ್ಷಾಂತರ ಜನ ಶ್ರದ್ಧೆಯಿಂದ ನಡೆದುಕೊಳ್ಳುತ್ತಾರೆ. 1862ರ ಕೇಸನ್ನು ಹಿಡಿದು ಅವರನ್ನು ಹೀಯಾಳಿಸುವುದು ಸರಿಯಲ್ಲ.

ತೀರ್ಪು ಬಂದದ್ದು ಏಪ್ರಿಲ್ 22ರಂದು. ಒಂದು ತಾಂತ್ರಿಕ ಅಂಶದಲ್ಲಿ ಜದುನಾಥಜಿಗೆ ನಾಮಮಾತ್ರ ಪರಿಹಾರ ಸಿಕ್ಕಿತು. ಎಷ್ಟು ಗೊತ್ತಾ? 5 ರೂಪಾಯಿ. ಕೇಳಿದ್ದು 50,000. "ಬರೆದದ್ದು ನಿಜ" ಎಂಬ ಮುಖ್ಯ ವಾದದಲ್ಲಿ ಕರ್ಸನ್‌ದಾಸ್ ಗೆದ್ದರು. ಅವರ ಖರ್ಚಿಗೆ 11,500 ರೂಪಾಯಿ ಕೊಡಿಸಿದರು. ಅವರಿಗೆ ಆಗಿದ್ದ ಖರ್ಚು ಸುಮಾರು 14,000. ಅಂದರೆ ಗೆದ್ದವನ ಕೈಯಿಂದಲೂ ಎರಡೂವರೆ ಸಾವಿರ ಹೋಯಿತು. ಕೋರ್ಟು ಕಚೇರಿ ಅಂದರೆ ಆಗಲೂ ಹಾಗೆಯೇ!

ನ್ಯಾಯಮೂರ್ತಿ ಆರ್ನಾಲ್ಡ್ ಬರೆದ ಒಂದು ಮಾತು ನಿಮ್ಮ ಮನೆಯ ಹಿರಿಯರ ಮಾತಿಗೆ ನೇರವಾಗಿ ಸಂಬಂಧಿಸಿದ್ದು. ನಮ್ಮ ಮುಂದೆ ಇರುವುದು ಮತತತ್ತ್ವದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ ಎಂದರು. ನೀತಿಯಲ್ಲಿ ತಪ್ಪಾದದ್ದು ಮತತತ್ತ್ವದಲ್ಲಿ ಸರಿಯಾಗಲಾರದು ಎಂಬುದಷ್ಟೇ ಪ್ರತಿವಾದಿಯ ವಾದ ಎಂದರು. ಪತ್ರಕರ್ತ ಎಂದರೆ ಸಾರ್ವಜನಿಕ ಶಿಕ್ಷಕ, ಗೊತ್ತಿದ್ದೂ ಸುಮ್ಮನಿದ್ದರೆ ಕರ್ತವ್ಯ ಬಿಟ್ಟಂತೆ ಎಂಬ ಧಾಟಿಯಲ್ಲೂ ಬರೆದರು.

ಆಮೇಲೆ ಏನಾಯಿತು? ಇಲ್ಲಿ ನಿಮ್ಮನ್ನು ಸ್ವಲ್ಪ ನಿರಾಸೆ ಮಾಡಬೇಕು. ಮಹಾರಾಜರ ಗದ್ದುಗೆಗಳು ಉರುಳಲಿಲ್ಲ. ದೇವಸ್ಥಾನಗಳು ನಡೆದವು, ಕಾಣಿಕೆಗಳು ಬಂದವು. ಆದರೆ ಮಹಾರಾಜ ಎಂದರೆ ಪ್ರಶ್ನೆಗೆ ಮೀರಿದವರು ಎಂಬ ಭಾವನೆಗೆ ಏಟು ಬಿತ್ತು. ಓದಿದ ಹುಡುಗರು ತಮ್ಮ ಮನೆಗಳಲ್ಲೇ ಪ್ರಶ್ನೆ ಕೇಳಲು ಶುರು ಮಾಡಿದರು.

ಕರ್ಸನ್‌ದಾಸ್ ಪಾಡು? ಗೆದ್ದ ಮರುವರ್ಷ, 1863ರಲ್ಲಿ, ವ್ಯಾಪಾರದ ಕೆಲಸಕ್ಕೆ ಇಂಗ್ಲೆಂಡಿಗೆ ಹೋದರು. ಸಮುದ್ರ ದಾಟಿದ್ದಕ್ಕೆ ಅವರ ಜಾತಿ ಅವರನ್ನು ಹೊರಗೆ ಹಾಕಿತು. ಇಡೀ ಸುಪ್ರೀಂ ಕೋರ್ಟ್ ಬೆನ್ನಿಗೆ ನಿಂತು ಗೆಲ್ಲಿಸಿದ ಮನುಷ್ಯನನ್ನು ಜಾತಿ ಪಂಚಾಯಿತಿ ಒಂದೇ ಮಾತಿನಲ್ಲಿ ಸೋಲಿಸಿತು. ಆಮೇಲೆ ಗುಜರಾತಿನ ಕಾಠಿಯಾವಾಡದ ಸಂಸ್ಥಾನಗಳಲ್ಲಿ ಆಡಳಿತದ ಕೆಲಸ ಮಾಡಿದರು. 1871ರಲ್ಲಿ ಲಿಂಬ್ಡಿಯಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 39 ವರ್ಷ.

ಬಹಿಷ್ಕಾರದ ಆಯುಧ ಮಾತ್ರ ಇನ್ನೂ ಬಹಳ ಕಾಲ ಬದುಕಿತು. 1949ರಲ್ಲಿ ಆಗಿನ ಬಾಂಬೆ ಪ್ರಾಂತ್ಯ ಬಹಿಷ್ಕಾರವನ್ನೇ ನಿಷೇಧಿಸುವ ಕಾನೂನು ತಂದಿತು. ದಾವೂದಿ ಬೋಹ್ರಾ ಎಂಬ ಮುಸ್ಲಿಂ ಸಮುದಾಯದ ಧರ್ಮಗುರು ಸೈಯದ್ನಾ ಅದನ್ನು ಪ್ರಶ್ನಿಸಿದರು. ಧಾರ್ಮಿಕ ಕಾರಣಕ್ಕೆ ಹೊರಗೆ ಹಾಕುವುದು ಪಂಥದ ಒಳಗಿನ ವ್ಯವಹಾರ, ಸಂವಿಧಾನದ 26ನೇ ವಿಧಿ ಅದನ್ನು ಕಾಪಾಡುತ್ತದೆ ಎಂದು ಸುಪ್ರೀಂ ಕೋರ್ಟ್ ಬಹುಮತದಿಂದ ಆ ಕಾನೂನನ್ನು ರದ್ದು ಮಾಡಿತು. ಮುಖ್ಯ ನ್ಯಾಯಮೂರ್ತಿ ಬಿ. ಪಿ. ಸಿನ್ಹಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪಿನ ವರ್ಷ ನೋಡಿ: 1962. ಮಹಾರಾಜ್ ಕೇಸಿಗೆ ಸರಿಯಾಗಿ ನೂರು ವರ್ಷ. ಜಾತಿ ಪಂಚಾಯಿತಿಗಳು ಮಾಡುವ ಸಾಮಾಜಿಕ ಬಹಿಷ್ಕಾರದ ವಿರುದ್ಧ ಮಹಾರಾಷ್ಟ್ರ 2016ರಲ್ಲಿ ಬೇರೆ ಕಾನೂನು ಮಾಡಿತು. 1962ರ ತೀರ್ಪನ್ನು ಮತ್ತೆ ನೋಡಬೇಕು ಎಂದು ಸುಪ್ರೀಂ ಕೋರ್ಟಿನ ಐವರ ಪೀಠ 2023ರಲ್ಲಿ ವಿಷಯವನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು.

ಕೊನೆಗೆ ಗುರುನಿಂದೆ. ನಿಮ್ಮ ಹಿರಿಯರ ಜೊತೆ ವಾದಕ್ಕೆ ಇಳಿಯಬೇಡಿ, ಕಥೆ ಹೇಳಿ. ಕರ್ಸನ್‌ದಾಸ್ ಪರ ಸಾಕ್ಷಿ ಹೇಳಿದವರಲ್ಲಿ ಹಲವರು ಆ ಪಂಥದ ಭಕ್ತರೇ ಆಗಿದ್ದರು ಎಂದು ಹೇಳಿ. ಕೃಷ್ಣನಿಗೆ ಅರ್ಪಿಸಿದ್ದನ್ನು ಗುರು ತಾನು ಇಟ್ಟುಕೊಂಡರೆ ನಿಂದೆಯಾದದ್ದು ಯಾರಿಗೆ ಎಂದು ಅವರನ್ನೇ ಕೇಳಿ. ನನ್ನ ಅಜ್ಜಿಗೆ ಒಮ್ಮೆ ಈ ಕಥೆ ಹೇಳಿದ್ದೆ. ಎಲ್ಲ ಕೇಳಿ ಅವರು ಕೇಳಿದ್ದು ಒಂದೇ ಮಾತು: "ಸಾಕ್ಷಿ ಹೇಳಿದವರ ಮಕ್ಕಳಿಗೆ ಮದುವೆ ಆಯ್ತಾ?"

ನೀವು ಇನ್ನೂ ಓದಬೇಕು ಎಂದಿದ್ದರೆ, 1865ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕರ್ಸನ್‌ದಾಸರ ಇಂಗ್ಲಿಷ್ ಪುಸ್ತಕ ಇದೆ. ಹೆಸರು ಹಾಕದೆ ಬರೆದದ್ದು. ಮಹಾರಾಜರ ಪಂಥದ ಇತಿಹಾಸ ಅದು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲಿನಿಂದ ಓದಬೇಡಿ. ಕೊನೆಯಲ್ಲಿ ಸಾಕ್ಷಿಗಳ ಹೇಳಿಕೆಗಳನ್ನು ಕೊಟ್ಟಿದ್ದಾರೆ, ಅಲ್ಲಿಂದ ಶುರು ಮಾಡಿ.